ಬಿಳಿಮಂಜಿನ ತಿಂಗಳಲ್ಲಿ ಹಿತ್ತಲ ಹದ: ನೀಲಗಿರಿಯ ತರಕಾರಿ ತೋಟದ ಚರಿತ್ರೆ

ನೀಲಗಿರಿಯ ತರಕಾರಿ ಬೇಸಾಯದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ಕಡೆಯಿಂದ ಆರಂಭಿಸುತ್ತಾರೆ. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿದರು. ಕೋಟಗಿರಿಯ ಬಳಿಯ ದಿಂಬಟ್ಟಿಯಲ್ಲಿ ಬಿಡಾರ ಹೂಡಿದರು. ಮುಂದೆ ಉದಕಮಂಡಲದಲ್ಲಿ ಕಲ್ಲಿನ ಬಂಗಲೆ ಕಟ್ಟಿಸಿದರು. ಸೀಮೆಯ ಬೀಜ ತರಿಸಿ ಆಲೂಗೆಡ್ಡೆ ಮೊದಲಾದವನ್ನು ಬೆಳೆಸಿದರು. ಅಲ್ಲಿಂದ ಮುಂದೆ ಈ ಬೆಟ್ಟ ದಕ್ಷಿಣ ಭಾರತದ ತರಕಾರಿ ಕಣಜವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ಪಾಠ ಹೇಳಿದ ನಾನೂ ಮಕ್ಕಳಿಗೆ ಇದನ್ನೇ ಕಲಿಸಿದವನು. ಈ ಕಥೆ ಸುಳ್ಳಲ್ಲ. ಆದರೆ ಅದು ಬಿತ್ತನೆಯ ದಿನದಿಂದ ಆರಂಭವಾಗುತ್ತದೆ. ತೋಟವಾದರೋ ಬಿತ್ತನೆಗೆ ಎರಡು ತಿಂಗಳು ಮೊದಲೇ, ಚಳಿ ಇನ್ನೂ ಹಿಂದೆಗೆಯದಿರುವಾಗ, ನೆಲವನ್ನು ಹದಗೊಳಿಸುವ ಕೆಲಸದಿಂದ ಆರಂಭವಾಗುತ್ತದೆ. ಆ ಹದ ಮಾಡಿದವರ ಕಥೆಯನ್ನು ಕೆಲಮಟ್ಟಿಗಾದರೂ ಹೇಳುವುದು ಈ ಲೇಖನದ ಉದ್ದೇಶ.

ಒಂದು ಜನವರಿಯ ಪಾಠ

ನಾನು ಗುಂಡ್ಲುಪೇಟೆ ಕಡೆಯ ಬಯಲುಸೀಮೆಯವನು. ಬಿ.ಎ., ಬಿ.ಇಡಿ. ಮುಗಿಸಿ, 1975ರಲ್ಲಿ ಶಿಕ್ಷಕನ ಕೆಲಸ ಹಿಡಿದು ಬೆಟ್ಟ ಹತ್ತಿದೆ. ಕೇತಿ ಕಣಿವೆಯ ಅಂಚಿನ ಒಂದು ಬಡಗ ಹಟ್ಟಿಯಲ್ಲಿ ಬಾಡಿಗೆಗೆ ಮನೆ ದೊರೆಯಿತು. ಮನೆಯ ಹಿಂದೆ ನಾಲ್ಕು ಮಡಿಯಷ್ಟು ಜಾಗ. ಸಂಕ್ರಾಂತಿ ಕಳೆದರೆ ಬೇಸಗೆಯ ತರಕಾರಿಗೆ ಕೈಹಾಕಬಹುದೆಂಬುದು ನಮ್ಮೂರಿನ ಲೆಕ್ಕ. ಆ ಲೆಕ್ಕವನ್ನೇ ನಂಬಿ ಮರುವರ್ಷದ ಜನವರಿಯಲ್ಲಿ ಹುರುಳಿಕಾಯಿ ಬಿತ್ತಿದೆ, ಟೊಮ್ಯಾಟೊ ಸಸಿಗಳನ್ನು ನೆಟ್ಟೆ. ಹತ್ತು ಹನ್ನೆರಡು ದಿನ ಎಲ್ಲವೂ ಸೊಗಸಾಗಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಹಿತ್ತಲಿನ ತುಂಬ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಮಂಜು ಹೆಪ್ಪುಗಟ್ಟಿತ್ತು. ಬಿಸಿಲೇರುತ್ತಿದ್ದಂತೆ ಮಂಜು ಕರಗಿತು. ಸಸಿಗಳು ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಕಪ್ಪಗೆ ಜೋತುಬಿದ್ದವು.

ಬೇಲಿಯಾಚೆಗೆ ನೆರೆಮನೆಯ ಅಜ್ಜಿಯೊಬ್ಬರ ಹಿತ್ತಲಿತ್ತು. ಅಲ್ಲಿಯೂ ಅದೇ ಮಂಜು ಬಿದ್ದಿತ್ತು. ಆದರೆ ಅವರ ಮಡಿಗಳಲ್ಲಿ ಹಾಳಾಗುವಂಥದ್ದು ಏನೂ ಇರಲಿಲ್ಲ. ಒಂದು ಮೂಲೆಯಲ್ಲಿ ಬೆಳ್ಳುಳ್ಳಿಯ ಎಲೆಗಳು ಮಂಜು ಕೊಡವಿಕೊಂಡು ನೆಟ್ಟಗೆ ನಿಂತಿದ್ದವು. ಉಳಿದ ಮಡಿಗಳನ್ನು ಕೆದರಿ, ಸಗಣಿ ಗೊಬ್ಬರ ಹರಡಿ, ಮೇಲೆ ಒಣಗಿದ ಜರಿಗಿಡ ಮುಚ್ಚಿ ಸುಮ್ಮನೆ ಬಿಟ್ಟಿದ್ದರು. ಆಕೆ ನನ್ನ ಸಸಿಗಳನ್ನು ನೋಡಿ ಮರುಗಿದರು. ಬಳಿಕ ತಮ್ಮ ಮಾತಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಬಿತ್ತುವ ತಿಂಗಳಲ್ಲ, ಮಣ್ಣಿಗೆ ಉಣಿಸುವ ತಿಂಗಳು ಎಂಬುದು ಅವರ ಮಾತಿನ ತಾತ್ಪರ್ಯ. ಬಡಗ ಮಾತು ತನ್ನದೇ ವ್ಯಕ್ತಿತ್ವವುಳ್ಳ ಭಾಷೆ. ಆದರೂ ಹಟ್ಟಿ, ಹಿಟ್ಟು, ಅವರೆ, ಸಾಮೆ, ಉದಕ ಎಂಬ ಮಾತುಗಳನ್ನು ಕೇಳಿದ ಕನ್ನಡಿಗನಿಗೆ ತಾನು ಪರಸ್ಥಳದಲ್ಲಿದ್ದೇನೆ ಎನಿಸುವುದಿಲ್ಲ. ಆ ದಿನದಿಂದ ನಾನು ಆ ಹಿತ್ತಲಿನ ವಿದ್ಯಾರ್ಥಿಯಾದೆ.

ಸಲಿವನ್ನರಿಗಿಂತ ಮೊದಲು

ಬೆಟ್ಟದ ಮೇಲಿನ ಬೇಸಾಯಕ್ಕೆ ಸಂಬಂಧಿಸಿದ ಬಹು ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಒಂದು 1603ರದು. ಮಲಬಾರಿನಿಂದ ಹೊರಟ ಫೆನಿಸಿಯೊ ಎಂಬ ಜೆಸ್ವಿಟ್ ಪಾದ್ರಿ ಕಾಡುದಾರಿಯಲ್ಲಿ ಬೆಟ್ಟವೇರಿ ಬಂದು ಬಡಗರ ಊರನ್ನು ಕಂಡರು, ತೋಡರೊಡನೆ ಮಾತನಾಡಿದರು, ಕಂಡದ್ದನ್ನು ಪತ್ರದಲ್ಲಿ ಬರೆದರು. ಅಲ್ಲಿನ ಜನರ ಬಳಿ ಹಸು, ಆಡು, ಕೋಳಿಗಳಲ್ಲದೆ ಧಾನ್ಯ, ಬೇಳೆ, ಸಾಸಿವೆ, ಬೆಳ್ಳುಳ್ಳಿ, ಜೇನು ಇದ್ದುದನ್ನು ಅವರು ಗುರುತಿಸಿದ್ದಾರೆ. ಸಾಸಿವೆ, ಬೆಳ್ಳುಳ್ಳಿ ಎಂಬ ಎರಡು ಹೆಸರುಗಳನ್ನು ನಾವು ಲಕ್ಷ್ಯವಿಟ್ಟು ಓದಬೇಕು. ಇವು ಮನೆಯ ಸಮೀಪದಲ್ಲಿ, ಗೊಬ್ಬರ ಕಂಡ ಮಣ್ಣಿನಲ್ಲಿ ಬೆಳೆಯುವ ಹಿತ್ತಲ ಬೆಳೆಗಳು. ಸಲಿವನ್ ಬರುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲೇ ಈ ಬೆಟ್ಟದಲ್ಲಿ ಹಿತ್ತಲಿತ್ತು, ಹಿತ್ತಲನ್ನು ಹದ ಮಾಡುವವರಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಬಡಗರೆಂದರೆ ಬಡಗಣ ದಿಕ್ಕಿನಿಂದ ಬಂದವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂಬುದು ಅವರ ಪರಂಪರೆಯ ನೆನಪು. ಬಯಲಿನ ರಾಗಿ, ಸಾಮೆ, ಅವರೆಗಳನ್ನು ಬಲ್ಲ ಜನ ಆರು ಏಳು ಸಾವಿರ ಅಡಿ ಎತ್ತರದ ಚಳಿಗೆ ಹೊಂದಿಕೊಳ್ಳಬೇಕಾಯಿತು. ಹೊಂದಿಕೊಂಡ ಬಗೆ ಅವರ ಹಟ್ಟಿಗಳ ನೆಲೆಯಲ್ಲಿಯೇ ಕಾಣುತ್ತದೆ. ಹಟ್ಟಿಯ ಮನೆಗಳು ಇಳಿಜಾರಿನ ಮೇಲೆ ಸಾಲಾಗಿ ನಿಲ್ಲುತ್ತವೆ. ಕಣಿವೆಯ ತಳದಲ್ಲಿ ಅಲ್ಲ. ಮೋಡವಿಲ್ಲದ ರಾತ್ರಿ ನೆಲ ಬೇಗನೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಬಿಳಿಮಂಜು ಮೊದಲು ಬೀಳುವುದು, ಹೆಚ್ಚು ಬೀಳುವುದು ಅಲ್ಲಿಯೇ. ಇಳಿಜಾರಿನ ನಡುವೆ ಮನೆಗೆ ಒತ್ತಿಕೊಂಡಿರುವ ಹಿತ್ತಲು ಆ ಹೊಡೆತದಿಂದ ಎಷ್ಟೋ ಪಾಲು ಪಾರಾಗುತ್ತದೆ. ನನ್ನ ಬಾಡಿಗೆ ಮನೆ ಕಣಿವೆಯ ಕಡೆಗೆ, ಸಾಲಿನ ತೀರ ಕೆಳಗೆ, ಈಚೆಗೆ ಕಟ್ಟಿದ್ದಾಗಿತ್ತೆಂಬುದನ್ನು ಇಲ್ಲಿ ಹೇಳಬೇಕು.

ಹಟ್ಟಿಯ ಸಮೀಪದ ನೆಲಕ್ಕೂ ದೂರದ ಹೊಲಕ್ಕೂ ಇದ್ದ ಭೇದ ಕಂದಾಯದ ವ್ಯವಸ್ಥೆಯಲ್ಲಿಯೂ ದಾಖಲಾಗಿದೆ. ಅಂದು ಭೂರ್ತಿ ಎಂಬ ಪದ್ಧತಿ ರೂಢಿಯಲ್ಲಿತ್ತು. ರೈತ ದೂರದ ಹೊಲಗಳನ್ನು ಒಂದೆರಡು ವರ್ಷ ಉತ್ತು, ಬಳಿಕ ಹಲವು ವರ್ಷ ಬೀಳು ಬಿಡುತ್ತಿದ್ದ. ಸಾಗುವಳಿ ಮಾಡಿದಷ್ಟಕ್ಕೆ ಮಾತ್ರ ಕಂದಾಯ ಕೊಡುತ್ತಿದ್ದ. ಹಟ್ಟಿಯ ಸುತ್ತಲಿನ ನೆಲಕ್ಕಾದರೋ ವರ್ಷವೂ ಕೊಟ್ಟಿಗೆಯ ಗೊಬ್ಬರ ಬೀಳುತ್ತಿತ್ತು, ವರ್ಷವೂ ಬೆಳೆ ಬರುತ್ತಿತ್ತು. 1860ರ ದಶಕದಲ್ಲಿ ಸರ್ಕಾರ ಈ ಪದ್ಧತಿಯನ್ನು ತೆಗೆದುಹಾಕಿತು. ತಲೆಮಾರುಗಳ ಕಾಲ ಹೀಗೆ ಉಣಿಸಿ ಉಣಿಸಿ ಕಪ್ಪಗೆ ಮಾಡಿದ ಹಟ್ಟಿಯ ಮಣ್ಣು ಮಾತ್ರ ಉಳಿಯಿತು.

ಆ ಹದದ ಹಿಂದೆ ಒಂದೇ ಸಮುದಾಯವಿರಲಿಲ್ಲ. ಗುದ್ದಲಿ, ಕುಡುಗೋಲುಗಳನ್ನು ಬಡಿದು ಕೊಡುತ್ತಿದ್ದವರು ಕೋತರು. ಬುಟ್ಟಿಗಳು ಕುರುಂಬರ ಕೈಯವು. ತುಪ್ಪ ತೋಡರದು. ಧಾನ್ಯ ಬಡಗರದು. ಮಾರ್ಚ್ ತಿಂಗಳಲ್ಲಿ ಬಿತ್ತನೆಯ ವಿಧಿ ನಡೆಯುವಾಗ ಪೂಜಾರಿ ಮೂರು ಸಾಲು ಉಳುತ್ತಿದ್ದನೆಂದೂ, ಮೊದಲ ಹಿಡಿ ಕಾಳನ್ನು ಬಿತ್ತುವ ಅಧಿಕಾರ ಕುರುಂಬನದಾಗಿತ್ತೆಂದೂ ಎಡ್ಗರ್ ಥರ್ಸ್ಟನ್ ವಿವರವಾಗಿ ಬರೆದಿದ್ದಾರೆ. ಬೀಜ ಮೊಳೆಯುವುದು ಒಬ್ಬನ ಭಾಗ್ಯದಿಂದಲ್ಲ ಎಂಬ ತಿಳಿವಳಿಕೆ ಆ ವಿಧಿಯಲ್ಲಿತ್ತೆಂದು ನನಗೆ ತೋರುತ್ತದೆ.

ಸೀಮೆಯ ಬೀಜ, ಹಟ್ಟಿಯ ಮಣ್ಣು

ಇಷ್ಟು ಹೇಳಿದ ಮೇಲೆ ಸಲಿವನ್ನರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿದ್ದರೆ ಅನ್ಯಾಯವಾದೀತು. ಅವರಿಗೆ ತೋಟದ ಮೇಲೆ ನಿಜವಾದ ಪ್ರೀತಿಯಿತ್ತು. ಯುರೋಪಿನ ತೋಟಗಾರನೊಬ್ಬನನ್ನು ಕರೆತಂದು, ಯಾವ ಬೀಜ ಯಾವ ಎತ್ತರದಲ್ಲಿ ಒಗ್ಗುತ್ತದೆಂದು ಪ್ರಯೋಗ ಮಾಡಿಸಿದರು. ಆಲೂಗೆಡ್ಡೆಯನ್ನು ಹಟ್ಟಿಯವರಿಗೂ ಪರಿಚಯಿಸಿದರು. ಬೆಟ್ಟದ ಜನರ ಭೂಮಿಯ ಹಕ್ಕಿನ ಪರವಾಗಿ ತಮ್ಮ ಮೇಲಿನವರೊಡನೆ ವಾದಿಸಿದ ಅಧಿಕಾರಿಯೂ ಅವರೇ.

ನಮ್ಮ ಕೇತಿ ಕಣಿವೆಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಮದರಾಸಿನ ಗವರ್ನರ್ ಲಷಿಂಗ್ಟನ್ನರ ಕಾಲದಲ್ಲಿ, 1830ರ ಸುಮಾರಿಗೆ, ಸರ್ಕಾರ ಇಲ್ಲಿ ಮೇಜರ್ ಕ್ರೂ ಎಂಬವರ ಉಸ್ತುವಾರಿಯಲ್ಲಿ ಒಂದು ಪ್ರಯೋಗ ಕೃಷಿಕ್ಷೇತ್ರವನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಕಂಪನಿಯ ನಿರ್ದೇಶಕರು ಅದನ್ನು ಮುಚ್ಚಿಸಿದರು. ಆ ಜಾಗ ಕೈಯಿಂದ ಕೈಗೆ ದಾಟಿ, ಕಡೆಗೆ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯನ್ನು ಸೇರಿತು. ಕನ್ನಡ ಬಲ್ಲ ಆತ ಬಡಗರ ಮಕ್ಕಳಿಗಾಗಿ ಶಾಲೆ ತೆರೆದು, ತನ್ನ ಆಸ್ತಿಯನ್ನು 1846ರಲ್ಲಿ ಇಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ನಿಗೆ ಬಿಟ್ಟುಹೋದರು. ಮೊದಲು ಸೀಮೆಯ ಬೀಜ, ಬಳಿಕ ಅಕ್ಷರ, ಎರಡೂ ಒಂದೇ ಕಣಿವೆಯಲ್ಲಿ ಬೇರೂರಿದ್ದು ಕನ್ನಡ ಶಿಕ್ಷಕನಾದ ನನಗೆ ಪ್ರಿಯವಾದ ಸಂಗತಿ.

ಇಂದು ಲಕ್ಷಾಂತರ ಪ್ರವಾಸಿಗರು ನೋಡುವ ಉದಕಮಂಡಲದ ಸಸ್ಯೋದ್ಯಾನವೂ ಮೊದಲಿಗೆ ತರಕಾರಿ ತೋಟವೇ. 1840ರ ದಶಕದಲ್ಲಿ ಅಲ್ಲಿನ ಯುರೋಪಿಯನ್ ನಿವಾಸಿಗಳು ತಿಂಗಳಿಗೆ 3 ರೂಪಾಯಿ ಚಂದಾ ಹಾಕಿ, ಮಿತವಾದ ಬೆಲೆಗೆ ತರಕಾರಿ ದೊರೆಯಲೆಂದು ತೋಟ ಮಾಡಿಸಿದರು. ಆ ಪ್ರಯತ್ನ ಮುಂದೆ ಸಾರ್ವಜನಿಕ ಉದ್ಯಾನವಾಗಿ ಬೆಳೆಯಿತು. 1848ರಲ್ಲಿ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮೆಕ್‌ಐವರ್ ಜವುಗು ನೆಲವನ್ನು ಬತ್ತಿಸಿ, ಇಳಿಜಾರನ್ನು ಪಾವಟಿಗೆಗಳಾಗಿ ಕಡಿಸಿ ಅದಕ್ಕೆ ರೂಪ ಕೊಟ್ಟರು.

ಹೊಸ ಬೆಳೆಗಳನ್ನು ಹಟ್ಟಿಯವರು ಬೇಗನೆ ಕೈವಶ ಮಾಡಿಕೊಂಡರು. ಆಲೂಗೆಡ್ಡೆ, ಗಜ್ಜರಿ, ಬೀಟ್‌ರೂಟ್, ಎಲೆಕೋಸು, ಟರ್ನಿಪ್ ಎಲ್ಲವೂ ಶತಮಾನಗಳಿಂದ ಗೊಬ್ಬರ ಉಂಡ ಮಣ್ಣಿನಲ್ಲಿ ಬಂದವು. ಬೀಜ ಕೊಟ್ಟವರ ಹೆಸರು ಗೆಜೆಟಿಯರುಗಳಲ್ಲಿದೆ. ಮಣ್ಣು ಕೊಟ್ಟವರ ಹೆಸರಿಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಗೊಬ್ಬರ ಹೊತ್ತವರು, ಕಳೆ ಕಿತ್ತವರು, ಬೀಜ ಕಾಪಾಡಿದವರು ಅವರೇ.

ಚಳಿಗಾಲದ ಕೊನೆಯ ಕೆಲಸಗಳು

ಅಜ್ಜಿಯ ಹಿತ್ತಲಿನಲ್ಲಿ ನಾನು ಕಂಡು ಕಲಿತ ಕ್ರಮವನ್ನು ಇಲ್ಲಿ ದಾಖಲಿಸುತ್ತೇನೆ.

ಹೆತ್ತೆ ಹಬ್ಬ ಮುಗಿದ ಮೇಲೆ ಮೊದಲ ಕೆಲಸ ಮಣ್ಣನ್ನು ಕೆದರುವುದು. ಆಳವಾಗಿ ಅಗೆಯುತ್ತಿರಲಿಲ್ಲ, ಒಂದು ಗೇಣು ಮಾತ್ರ. ಅಡಗಿರುವ ಗೊಣ್ಣೆಹುಳು, ಕತ್ತರಿಹುಳುಗಳು ಮೇಲೆ ಬಂದರೆ ಅರ್ಧವನ್ನು ಚಳಿ ಕೊಲ್ಲುತ್ತದೆ, ಉಳಿದರ್ಧವನ್ನು ಹಕ್ಕಿ ತಿನ್ನುತ್ತದೆ. ಹೆಂಟೆಗಳಲ್ಲಿರುವ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವುದರಿಂದ ಮಣ್ಣು ತಾನಾಗಿ ಪುಡಿಯಾಗುತ್ತದೆ. ಗುದ್ದಲಿ ಮಾಡಬೇಕಾದ ಕೆಲಸವನ್ನು ಮಂಜಿನಿಂದಲೇ ಮಾಡಿಸಿಕೊಳ್ಳುತ್ತಿದ್ದರು.

ಎರಡನೆಯದು ಬೂದಿ. ವರ್ಷವಿಡೀ ಒಲೆಯ ಬೂದಿಯನ್ನು ಹಳೆಯ ಡಬ್ಬಿಯೊಂದರಲ್ಲಿ ತುಂಬಿಡುತ್ತಿದ್ದರು. ಮಳೆ ಹೆಚ್ಚಿರುವ ಈ ಬೆಟ್ಟದ ಮಣ್ಣು ಹುಳಿ. ಸುಣ್ಣದ ಅಂಶ ಕೊಚ್ಚಿಹೋಗಿರುತ್ತದೆ. ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ, ಗೆಡ್ಡೆಗೆ ಬೇಕಾದ ಪೊಟ್ಯಾಷನ್ನೂ ಒದಗಿಸುತ್ತದೆ. ಅಜ್ಜಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಬೂದಿ ಹಾಕದ ಮಡಿಯ ಸೊಪ್ಪು ಹಳದಿಯಾಗುತ್ತದೆಂಬುದು ತಿಳಿದಿತ್ತು.

ಮೂರನೆಯದು ಗೊಬ್ಬರ. ಹಸಿ ಸಗಣಿಯಲ್ಲ, ಒಂದು ಮಳೆಗಾಲ ಕಳೆದು ಮಣ್ಣಿನ ವಾಸನೆ ಬಂದ ಗೊಬ್ಬರ. ಅದನ್ನು ಹರಡಿ, ಮೇಲೆ ಜರಿಗಿಡ ಮುಚ್ಚಿ, ತಿಂಗಳೊಪ್ಪತ್ತು ಬಿಡುವುದು. ಮುಚ್ಚಿಗೆಯ ಕೆಳಗೆ ನೆಲ ಬೆಚ್ಚಗಿರುತ್ತದೆ, ಜನವರಿ ಫೆಬ್ರವರಿಯ ಒಣಗಾಳಿಗೆ ತೇವ ಆರುವುದಿಲ್ಲ. ಇದೇ ಸಮಯದಲ್ಲಿ, ಮಳೆಗೆ ಕುಸಿದ ಮಡಿಯ ಕಲ್ಲುಕಟ್ಟೆಗಳನ್ನು ಎತ್ತಿ ಕೂರಿಸುತ್ತಿದ್ದರು.

ನಾಲ್ಕನೆಯದು ಬೀಜದ ಕೆಲಸ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ, ಕೀರೆಸೊಪ್ಪಿನ ಬೀಜ, ಸಾಸಿವೆ, ಅವರೆ, ಬಟಾಣಿಗಳು ಬೂದಿಯಲ್ಲಿ ಕಲಸಿದ ಗಂಟುಗಳಾಗಿ ಇರುತ್ತಿದ್ದವು. ಅವನ್ನಿಳಿಸಿ ಹಸನು ಮಾಡುವುದು ಫೆಬ್ರವರಿಯ ಬಿಸಿಲಿನಲ್ಲಿ. ಬಿತ್ತನೆಯ ಆಲೂಗೆಡ್ಡೆಯನ್ನು ಮಂದ ಬೆಳಕಿನ ಮೂಲೆಯಲ್ಲಿ ಬುಟ್ಟಿಯಲ್ಲಿ ಹರಡಿ, ಗಿಡ್ಡನೆಯ ಗಟ್ಟಿ ಮೊಳಕೆ ಬರಿಸುತ್ತಿದ್ದರು. ಒಂದೆರಡು ಗಜ್ಜರಿಯನ್ನು ಕೀಳದೆ ನೆಲದಲ್ಲಿಯೇ ಬಿಟ್ಟಿರುತ್ತಿದ್ದರು. ಚಳಿಯುಂಡ ಗಜ್ಜರಿ ಮಾತ್ರ ಬೇಸಗೆಯಲ್ಲಿ ಕೊಡೆಯಂಥ ಹೂ ಬಿಟ್ಟು ಬೀಜ ಕಟ್ಟುತ್ತದೆ. ಬೆಳ್ಳುಳ್ಳಿಯೂ ಹಾಗೆಯೇ. ಅಕ್ಟೋಬರ್ ನವೆಂಬರಿನಲ್ಲಿ ನೆಟ್ಟ ಎಸಳು ಚಳಿಯನ್ನುಂಡರೆ ಮಾತ್ರ ಮಾರ್ಚಿನ ಹೊತ್ತಿಗೆ ಎಸಳೊಡೆದ ಗೆಡ್ಡೆಯಾಗುತ್ತದೆ. ನಾನು ಶತ್ರುವೆಂದುಕೊಂಡಿದ್ದ ಮಂಜು ಅವರ ಹಿತ್ತಲಿನಲ್ಲಿ ಕೂಲಿಯಾಳಾಗಿತ್ತು.

ಶಿವರಾತ್ರಿಯ ಹೊತ್ತಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆಂಬುದು ಬಯಲಿನ ಮಾತು. ಬೆಟ್ಟದಲ್ಲಿ ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದುದರಿಂದ ಸೂರಿನ ಕೆಳಗೆ ಒಂದು ಚಿಕ್ಕ ಒಟ್ಟಲು ಮಡಿ ಮಾಡಿ ಸಸಿ ಬೆಳೆಸಿಕೊಂಡು, ಮಾರ್ಚಿನಲ್ಲಿ ಮಂಜಿನ ಭಯ ಕಳೆದ ಮೇಲೆ ನೆಡುತ್ತಿದ್ದರು. ಯಾವ ರಾತ್ರಿಯಾದರೂ ಆಕಾಶ ತಿಳಿಯಾಗಿ, ಗಾಳಿ ನಿಂತು, ನಕ್ಷತ್ರ ಹೊಳೆದರೆ ಗೋಣಿ ಹೊದಿಸುತ್ತಿದ್ದರು. ಬೆಳಗ್ಗೆ ಬಿಸಿಲು ತಾಗುವ ಮೊದಲೇ ನೀರು ಚಿಮುಕಿಸಿ ಮಂಜನ್ನು ಮೆಲ್ಲನೆ ಇಳಿಸುತ್ತಿದ್ದರು.

ಹದ ತಪ್ಪಿದಾಗ

ಇಪ್ಪತ್ತನೆಯ ಶತಮಾನದಲ್ಲಿ ಹಿತ್ತಲಿನ ಬೆಳೆ ಪೇಟೆಯ ಬೆಳೆಯಾಯಿತು. ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಬಂತು. ಮೇಟ್ಟುಪಾಳ್ಯದ ಮಂಡಿಗಳಲ್ಲಿ ಬೆಟ್ಟದ ಆಲೂಗೆಡ್ಡೆಗೆ ಹೆಸರಾಯಿತು. ದಲ್ಲಾಳಿಗಳ ಹಿಡಿತದಿಂದ ಬೆಳೆಗಾರರನ್ನು ಪಾರುಮಾಡಲು 1935ರಲ್ಲಿ ನೀಲಗಿರಿ ಸಹಕಾರ ಮಾರಾಟ ಸಂಘ ಹುಟ್ಟಿತು; ಬಡಗ ಸಮುದಾಯದ ಮುಂದಾಳು ರಾವ್ ಬಹದ್ದೂರ್ ಎಚ್. ಬಿ. ಆರಿ ಗೌಡರು ಅದನ್ನು ಕಟ್ಟಿ ಬೆಳೆಸಿದರು. ಮಕ್ಕಳ ಓದು, ಹೆಂಚಿನ ಮನೆ, ಕಾಲೇಜಿನ ಪದವಿ ಎಷ್ಟೋ ಹಟ್ಟಿಗಳಿಗೆ ಬಂದದ್ದು ಆಲೂಗೆಡ್ಡೆಯ ದುಡ್ಡಿನಿಂದ. ಅದನ್ನು ಹಗುರಾಗಿ ಕಾಣುವ ಹಕ್ಕು ಸಂಬಳದ ಕೆಲಸದಲ್ಲಿದ್ದ ನನಗಿಲ್ಲ.

ಆದರೆ ವರ್ಷಕ್ಕೆ ಮೂರು ಹಂಗಾಮು, ಮೂರರಲ್ಲಿಯೂ ಆಲೂಗೆಡ್ಡೆ ಎಂಬಂತಾದಾಗ ಮಣ್ಣಿಗೆ ಉಣಿಸುವ ತಿಂಗಳು ಇಲ್ಲವಾಯಿತು. ಜನವರಿ ಫೆಬ್ರವರಿಯಲ್ಲಿ ನೀರಾವರಿಯ ಬಿತ್ತನೆ ಆರಂಭವಾಯಿತು. ಬೀಜದ ಗೆಡ್ಡೆ ಹೊರಗಿನಿಂದ ಬಂತು. 1961ರಲ್ಲಿ ಉದಕಮಂಡಲದ ಹೊಲವೊಂದರಲ್ಲಿ ಆಲೂಗೆಡ್ಡೆಯ ಬೇರಿಗೆ ಅಂಟಿದ ಸಾಸಿವೆಗಿಂತ ಸಣ್ಣ ಹೊಂಬಣ್ಣದ ಕೋಶಗಳನ್ನು ವಿಜ್ಞಾನಿಗಳು ಗುರುತಿಸಿದರು. ಅದು ಬೇರುಹುಳುವಿನ ಮೊಟ್ಟೆಗಳ ಚೀಲ. ಆಲೂಗೆಡ್ಡೆಯಿಲ್ಲದೆಯೂ ಅದು ಮಣ್ಣಿನಲ್ಲಿ ಹಲವಾರು ವರ್ಷ ಜೀವ ಹಿಡಿದಿರುತ್ತದೆ. ಹೊರಗಿನಿಂದ ಬಂದ ಬಿತ್ತನೆ ಗೆಡ್ಡೆಯೊಡನೆಯೇ ಅದು ಬಂದಿರಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. 1971ರಲ್ಲಿ ಇಲ್ಲಿನ ಬಿತ್ತನೆ ಗೆಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಬಂತು. ಮುತ್ತೋರೆಯ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಕೇಂದ್ರದ ಪರಿಶ್ರಮದಿಂದ ಕುಫ್ರಿ ಸ್ವರ್ಣ ಎಂಬ ನಿರೋಧಕ ತಳಿ ಬಂತು. ಅದರೊಡನೆ ವಿಜ್ಞಾನಿಗಳು ಕೊಟ್ಟ ಸಲಹೆ ಒಂದು: ಆಲೂಗೆಡ್ಡೆಯಾದ ನೆಲದಲ್ಲಿ ಮತ್ತೆ ಅದನ್ನೇ ಹಾಕದೆ, ಎಲೆಕೋಸು, ಗಜ್ಜರಿ, ಬೆಳ್ಳುಳ್ಳಿಗಳನ್ನು ಸರದಿಯಲ್ಲಿ ಬೆಳೆಯಿರಿ. ಅಜ್ಜಿಯ ನಾಲ್ಕು ಮಡಿಗಳಲ್ಲಿ ಈ ಸರದಿ ಮೊದಲೇ ಇತ್ತು. ವಿಜ್ಞಾನ ತಡವಾಗಿ ಬಂತೆಂದು ನಾನು ಹೇಳುವುದಿಲ್ಲ. ನಾವು ತಿಳಿದದ್ದನ್ನು ಬೇಗ ಮರೆತೆವು ಎನ್ನುತ್ತೇನೆ.

ಬಳಿಕ ಚಹಾ ಬಂತು. 1960ರ ದಶಕದಿಂದ ಸಣ್ಣ ಹಿಡುವಳಿಗಳೂ ಚಹಾ ತೋಟಗಳಾದವು. ಚಹಾ ಗಿಡ ಒಮ್ಮೆ ನೆಟ್ಟರೆ ತಲೆಮಾರಿನ ಬೆಳೆ. ಅದಕ್ಕೆ ಚಳಿಗಾಲದ ಹದವಿಲ್ಲ, ಬೀಜದ ಗಂಟಿಲ್ಲ. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿದಾಗ ಕೆಲವರು ಮತ್ತೆ ತರಕಾರಿಯ ಕಡೆ ತಿರುಗಿದರು. ಆ ಹೊತ್ತಿಗೆ ಅಟ್ಟದ ಮೇಲೆ ಬೀಜವಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಅಟ್ಟವೇ ಇರಲಿಲ್ಲ.

ಬೀಜವನ್ನು ಯಾರಿಗೆ ಕೊಡಲಿ?

ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಅವರ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ನೆಲೆಸಿದರು. ಆ ಹಿತ್ತಲಿನ ಮೇಲೆ ಈಗ ಪ್ರವಾಸಿಗರಿಗಾಗಿ ಕಟ್ಟಿದ ಎರಡಂತಸ್ತಿನ ಮನೆಯಿದೆ. ಪಾಯ ತೋಡುವಾಗ ಮೂರು ಅಡಿಯವರೆಗೂ ಕಪ್ಪು ಮಣ್ಣು ಬಂತು. ಅದನ್ನು ಲಾರಿಗೆ ತುಂಬಿ ಎಲ್ಲಿಗೋ ಒಯ್ದರು. ಆ ಮಣ್ಣು ಎಷ್ಟು ತಲೆಮಾರಿನ ದುಡಿಮೆಯೆಂದು ಲೆಕ್ಕ ಹಾಕುತ್ತಾ ನಾನು ಬೇಲಿಯ ಬಳಿ ನಿಂತಿದ್ದೆ. ತಡೆಯುವ ಅಧಿಕಾರ ನನಗಿರಲಿಲ್ಲ. ನಾಲ್ಕು ಬುಟ್ಟಿ ಕೇಳಿ ಪಡೆದುಕೊಂಡೆ.

ಅವರು ಕೊಟ್ಟ ಬೆಳ್ಳುಳ್ಳಿ ಮಾತ್ರ ನನ್ನ ಬಳಿ ಉಳಿದಿದೆ. ಪ್ರತಿವರ್ಷ ನೆಟ್ಟು, ಕಿತ್ತು, ಮತ್ತೆ ನೆಡುತ್ತಾ ಬಂದಿದ್ದೇನೆ. ಎಸಳು ಸಣ್ಣದು, ಸಿಪ್ಪೆ ತುಸು ಕೆಂಪು, ಖಾರ ಹೆಚ್ಚು. ಫೆನಿಸಿಯೊ ಕಂಡ ಬೆಳ್ಳುಳ್ಳಿಯ ವಂಶ ಇದೇ ಎಂದು ಹೇಳುವ ಧೈರ್ಯ ನನಗಿಲ್ಲ. ಅಜ್ಜಿಗೆ ಅದು ಅವರ ಅತ್ತೆಯಿಂದ ಬಂದದ್ದೆಂಬುದಷ್ಟು ನಾನು ಬಲ್ಲೆ.

ಈ ವರ್ಷ ನಾನು ಮಗನ ಬಳಿಗೆ ಮೈಸೂರಿಗೆ ಹೋಗಿ ನೆಲೆಸಬೇಕಾಗಿದೆ. ಮಂಡಿ ಇಳಿಜಾರನ್ನು ಒಪ್ಪುತ್ತಿಲ್ಲ. ಪುಸ್ತಕಗಳನ್ನು ಒಯ್ಯಬಹುದು, ಪಾತ್ರೆಗಳನ್ನು ಒಯ್ಯಬಹುದು. ಬೆಳ್ಳುಳ್ಳಿಯನ್ನು ಒಯ್ದು ಪ್ರಯೋಜನವಿಲ್ಲ. ಅಲ್ಲಿನ ಚಳಿ ಅದಕ್ಕೆ ಸಾಲದು. ಎಲೆ ಬೆಳೆದೀತು, ಎಸಳು ಒಡೆಯದು. ಅದು ಈ ಬೆಟ್ಟದ ಮಂಜನ್ನೇ ಬಯಸುವ ಬೀಜ.

ಗಡಿಯಾಚೆಯ ಕನ್ನಡಿಗರು ಸೇರಿದಾಗ ಶಾಸನ, ಶಾಲೆ, ಭಾಷೆಯ ಹಕ್ಕುಗಳ ಮಾತು ಬರುತ್ತದೆ, ಬರಲೇಬೇಕು. ಅದರ ಜೊತೆಗೆ ಒಂದು ಚಿಕ್ಕ ಕೆಲಸವನ್ನೂ ಮಾಡೋಣವೆಂದು ನನ್ನ ವಿನಂತಿ. ತಾಳವಾಡಿಯಿರಲಿ, ವಯನಾಡಿರಲಿ, ಕಾಸರಗೋಡಿರಲಿ, ತಂತಮ್ಮ ಊರಿನ ಹಿರಿಯರಿಂದ ಹಿತ್ತಲಿನ ಬೀಜಗಳ ಹೆಸರನ್ನೂ, ಅವನ್ನು ಹದ ಮಾಡಿ ಕಾಯುವ ಕ್ರಮವನ್ನೂ ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಬರೆಯುವವರು ಒಂದು ಮಡಿಯನ್ನಾದರೂ ಮಾಡಬೇಕು. ಮಡಿಯಿಲ್ಲದೆ ಬರೆದ ಪಟ್ಟಿ ಬಹುಕಾಲ ಬಾಳದು.

ಸಮ್ಮೇಳನಕ್ಕೆ ಬರುವಾಗ ಈ ಸಾಲಿನ ಬೆಳ್ಳುಳ್ಳಿ ಗೊಂಚಲನ್ನು ಚೀಲದಲ್ಲಿ ತರುತ್ತೇನೆ. ಐದು ಸಾವಿರ ಅಡಿಗಿಂತ ಮೇಲೆ ಮನೆಯುಳ್ಳವರು, ಚಳಿ ಬೀಳುವ ನಾಲ್ಕು ಮಡಿ ಜಾಗವುಳ್ಳವರು ಯಾರಾದರೂ ದಯವಿಟ್ಟು ಕೇಳಿ ಪಡೆಯಬೇಕು. ಅಕ್ಟೋಬರಿನಲ್ಲಿ ನೆಡಿರಿ. ಜನವರಿಯಲ್ಲಿ ಮಂಜು ಬಿದ್ದರೆ ಹೆದರಬೇಡಿ. ಪಕ್ಕದ ಮಡಿಗಳಲ್ಲಿ ಮಾತ್ರ ಅವಸರಪಟ್ಟು ಏನನ್ನೂ ಬಿತ್ತಬೇಡಿ. ಕೆದರಿ, ಬೂದಿ ಹಾಕಿ, ಗೊಬ್ಬರ ಹರಡಿ, ಜರಿಗಿಡ ಮುಚ್ಚಿ ಮಾರ್ಚಿನವರೆಗೆ ಕಾಯಿರಿ.